ಗಂಟೆಗೆ, ಚದರ ಅಡಿಗೆ
(ಸಂಘದ ವಾರ್ಷಿಕ ಸಭೆಯಲ್ಲಿ ವಿದ್ಯಾರ್ಥಿಗಳನ್ನುದ್ದೇಶಿಸಿ ಮಾಡಿದ ಭಾಷಣ)



ನಾನು ಉರ್ದು ಮತ್ತು ಕನ್ನಡ ಕಲಿಸುವವನು. ಉಷ್ಣದ ಲೆಕ್ಕದ ಬಗ್ಗೆ ಮಾತನಾಡಲು ಇವರಿಗೇನು ಅಧಿಕಾರ ಎಂದು ವಿಜ್ಞಾನದ ಮೇಷ್ಟ್ರುಗಳು ಕೇಳಬಹುದು. ಕಾರಣವಿದೆ. ನನ್ನಲ್ಲಿ ಓದಿ, ಐ.ಟಿ.ಐ.ಯಲ್ಲಿ ಎ.ಸಿ. ಮೆಕ್ಯಾನಿಕ್ ಕಲಿತ ಹುಡುಗನೊಬ್ಬ ಗಲ್ಫ್ ಕೆಲಸದ ಟ್ರೇಡ್ ಟೆಸ್ಟಿಗೆ ಹೋಗಿದ್ದ. ಕೈಕೆಲಸದಲ್ಲಿ ಪಾಸಾದ, ಬರವಣಿಗೆಯಲ್ಲಿ ಫೇಲಾದ. ಅಲ್ಲಿ ಕೇಳಿದ್ದ ಒಂದು ಪ್ರಶ್ನೆ ಹೀಗಿತ್ತು: ಛಾವಣಿಯ ಮೂಲಕ ಗಂಟೆಗೆ, ಚದರ ಅಡಿಗೆ 25 ಬಿ.ಟಿ.ಯು. ಉಷ್ಣ ಒಳಗೆ ಬರುತ್ತದೆ. ಇದು ಚದರ ಮೀಟರಿಗೆ ಎಷ್ಟು ವ್ಯಾಟ್? "ಬರಲಿಲ್ಲ ಸರ್. ಹಮೆ ಉರ್ದು ಮೀಡಿಯಂ ವಾಲೆ ನಾ" ಎಂದ. ಲೆಕ್ಕ ತಪ್ಪಿದ್ದಕ್ಕಿಂತ ಈ ಮಾತು ನನ್ನನ್ನು ಹೆಚ್ಚು ನೋಯಿಸಿತು.

ಅವನ ಉತ್ತರ ಏನಾಗಿತ್ತೆಂದು ಕೇಳಿದೆ. 0.68 ವ್ಯಾಟ್ ಎಂದು ಬರೆದಿದ್ದನಂತೆ. ಹನ್ನೆರಡಡಿ ಉದ್ದ, ಹತ್ತಡಿ ಅಗಲದ ಕೋಣೆ ಎಂದಿಟ್ಟುಕೊಳ್ಳಿ. ಛಾವಣಿ 120 ಚದರ ಅಡಿ, ಅಂದರೆ ಸುಮಾರು 11.15 ಚದರ ಮೀಟರ್. ಅವನ ಲೆಕ್ಕದ ಪ್ರಕಾರ ಇಡೀ ಛಾವಣಿಯಿಂದ ಇಳಿಯುವ ಉಷ್ಣ ಏಳೂವರೆ ವ್ಯಾಟ್, ಒಂದು ಸಣ್ಣ ಎಲ್.ಇ.ಡಿ. ಬಲ್ಬಿನಷ್ಟು! ಏಪ್ರಿಲ್ ಮಧ್ಯಾಹ್ನ ಆರ್.ಸಿ.ಸಿ. ಛಾವಣಿಯ ಕೆಳಗೆ ಮಲಗಿದವರು ಯಾರೂ ಇದನ್ನು ಒಪ್ಪಲಾರರು. ಅವನೂ ಅಂಥ ಮನೆಯಲ್ಲೇ ಮಲಗುವವನು. ಆದರೆ ಕಾಗದದ ಮೇಲಿನ ಸಂಖ್ಯೆಗೂ ತಲೆಯ ಮೇಲಿನ ಛಾವಣಿಗೂ ಸಂಬಂಧವಿದೆ ಎಂದು ಅವನಿಗೆ ಹೊಳೆದಿರಲಿಲ್ಲ.

ಈಗ ನನ್ನ ಪಾಠಕ್ಕೆ ಬರುತ್ತೇನೆ. ಏಕಮಾನವೂ ಒಂದು ವಾಕ್ಯ. ಅದನ್ನು ವಾಕ್ಯದಂತೆ ಓದಬೇಕು. ಎಷ್ಟು ಉಷ್ಣ? ಎಷ್ಟು ಹೊತ್ತಿಗೆ? ಎಷ್ಟು ಜಾಗಕ್ಕೆ? ಉಷ್ಣ ಪ್ರವಾಹ ಸಾಂದ್ರತೆ ಎಂಬ ಭಾರವಾದ ಹೆಸರಿನ ಒಳಗಿರುವುದು ಈ ಮೂರೇ ಪ್ರಶ್ನೆ. ಕನ್ನಡದ ಚತುರ್ಥಿಯ 'ಗೆ' ಇಲ್ಲಿ ದೊಡ್ಡ ಕೆಲಸ ಮಾಡುತ್ತದೆ: ಗಂಟೆಗೆ, ಅಡಿಗೆ. ಉರ್ದುವಿನಲ್ಲಿ ಇದೇ ಕೆಲಸ 'ಫೀ'ಯದು: ಫೀ ಘಂಟಾ, ಫೀ ಮುರಬ್ಬಾ ಫುಟ್. ಬಾಜಾರಿನಲ್ಲಿ ಫೀ ಕಿಲೋ ಎಷ್ಟು ಎಂದು ಕೇಳುವ ಹುಡುಗನಿಗೆ ಇದು ಬಾರದ ವಿದ್ಯೆಯೇ? 'ಗೆ' ಅಥವಾ 'ಫೀ' ಎಲ್ಲಿದೆಯೋ ಅಲ್ಲಿ ಭಾಗಿಸಬೇಕು. ಅಷ್ಟೇ ನಿಯಮ.

ಒಂದೊಂದೇ ಪದವನ್ನು ಬದಲಿಸೋಣ. ಒಂದು ಪೌಂಡ್ ನೀರನ್ನು ಒಂದು ಡಿಗ್ರಿ ಫ್ಯಾರನ್‌ಹೀಟ್ ಬಿಸಿ ಮಾಡಲು ಬೇಕಾದ ಉಷ್ಣವೇ ಒಂದು ಬಿ.ಟಿ.ಯು. ಅದು ಸುಮಾರು 1055 ಜೌಲ್. ಗಂಟೆಗೆ 3600 ಸೆಕೆಂಡು. 1055ನ್ನು 3600ರಿಂದ ಭಾಗಿಸಿದರೆ 0.293, ಸೆಕೆಂಡಿಗೆ ಒಂದು ಜೌಲ್ ಎಂದರೆ ಒಂದು ವ್ಯಾಟ್, ಆದ್ದರಿಂದ ಇದು 0.293 ವ್ಯಾಟ್. ಇನ್ನು ಜಾಗ. ಒಂದು ಚದರ ಅಡಿ 0.0929 ಚದರ ಮೀಟರ್. ಇಲ್ಲಿಯೂ 'ಗೆ' ಇದೆ, ಭಾಗಿಸಿ. 3.15 ಬರುತ್ತದೆ. ನಮ್ಮ ಹುಡುಗ ಇಲ್ಲಿ ಗುಣಿಸಿಬಿಟ್ಟಿದ್ದ. ಅಷ್ಟಕ್ಕೇ ಉತ್ತರ 116 ಪಟ್ಟು ಕಿರಿದಾಯಿತು. ಸರಿಯಾದ ಉತ್ತರ 25 ಗುಣಿಸು 3.15, ಅಂದರೆ ಚದರ ಮೀಟರಿಗೆ ಸುಮಾರು 79 ವ್ಯಾಟ್.

ಇನ್ನೊಂದು ದಾರಿಯಿಂದಲೂ ಪರೀಕ್ಷಿಸಿ. 120 ಚದರ ಅಡಿಗೆ 25ರಂತೆ ಗಂಟೆಗೆ 3000 ಬಿ.ಟಿ.ಯು. ಅದನ್ನು 0.293ರಿಂದ ಗುಣಿಸಿದರೆ 879 ವ್ಯಾಟ್. 79ನ್ನು 11.15ರಿಂದ ಗುಣಿಸಿದರೂ ಹೆಚ್ಚು ಕಡಿಮೆ ಅಷ್ಟೇ. ಎ.ಸಿ.ಯ ಒಂದು ಟನ್ ಎಂದರೆ ಗಂಟೆಗೆ 12000 ಬಿ.ಟಿ.ಯು. ಛಾವಣಿಯೊಂದೇ ಕಾಲು ಟನ್ ತಿನ್ನುತ್ತದೆ. ಗೋಡೆ, ಕಿಟಕಿ, ಮನುಷ್ಯರ ಲೆಕ್ಕ ಬೇರೆ. (ಈ ಟನ್ ಎಂಬುದು ತೂಕವಲ್ಲ. 2000 ಪೌಂಡ್ ಮಂಜುಗಡ್ಡೆ ಒಂದು ದಿನದಲ್ಲಿ ಕರಗುವಾಗ ಹೀರುವ ಉಷ್ಣದ ದರಕ್ಕೆ ಹಳೆಯ ಐಸ್ ವ್ಯಾಪಾರದ ಕಾಲದಿಂದ ಉಳಿದ ಹೆಸರು.)

ಮೆಟ್ರಿಕ್ ಪದ್ಧತಿ ಬಂದ ಮೇಲೆ ಇದೆಲ್ಲ ಏಕೆ ಎನ್ನುವಿರಿ. ನಮ್ಮ ದೇಶದಲ್ಲಿ 1956ರಲ್ಲೇ ಕಾನೂನಾಯಿತು. ಆದರೂ ನಾವು ಸೈಟು ಕೇಳುವುದು ಮೂವತ್ತು ನಲವತ್ತು ಎಂದೇ. ಬಿ.ಟಿ.ಯು.ವಿನ ಹೆಸರಿನಲ್ಲಿ ಬ್ರಿಟನ್ ಇದ್ದರೂ ಇಂದು ಅದನ್ನು ಬಿಗಿಯಾಗಿ ಹಿಡಿದುಕೊಂಡಿರುವುದು ಅಮೆರಿಕ. ಆದ್ದರಿಂದ ಎ.ಸಿ. ಕೆಲಸ ಮಾಡುವವನು ಎರಡೂ ಭಾಷೆ ಬಲ್ಲವನಾಗಿರಬೇಕು. ಎರಡು ಭಾಷೆ ನಮ್ಮ ಮಕ್ಕಳಿಗೆ ಹೊಸದಲ್ಲ.

ಒಂದು ಎಚ್ಚರಿಕೆ. ಕೆಲವು ಪಟ್ಟಿಗಳಲ್ಲಿ ಇನ್ನೊಂದು 'ಗೆ' ಸೇರಿರುತ್ತದೆ: ಡಿಗ್ರಿ ಫ್ಯಾರನ್‌ಹೀಟಿಗೆ. ಆಗ 32 ಕಳೆಯಲು ಹೋಗಬೇಡಿ. ಇಲ್ಲಿರುವುದು ತಾಪದ ವ್ಯತ್ಯಾಸ. ಫ್ಯಾರನ್‌ಹೀಟಿನ ಒಂದು ಡಿಗ್ರಿ ಸೆಲ್ಸಿಯಸ್ಸಿನ ಒಂಬತ್ತರಲ್ಲಿ ಐದು ಪಾಲು. ಅದರಿಂದಲೂ ಭಾಗಿಸಿದರೆ 3.15 ಹೋಗಿ 5.68 ಆಗುತ್ತದೆ.

ಆ ಹುಡುಗ ಮತ್ತೆ ಟೆಸ್ಟಿಗೆ ಅರ್ಜಿ ಹಾಕಿದ್ದಾನೆ. ಈಗ ಭಾನುವಾರ ನಮ್ಮ ಮನೆಗೆ ಬಂದು ಏಕಮಾನಗಳನ್ನು ಗಟ್ಟಿಯಾಗಿ ಉರ್ದುವಿನಲ್ಲಿ ಓದಿ, ಆಮೇಲೆ ಇಂಗ್ಲಿಷಿನಲ್ಲಿ ಬರೆಯುತ್ತಾನೆ. ಅವನಿಗೆ ಕೊಟ್ಟಿರುವ ಲೆಕ್ಕವನ್ನೇ ನಿಮಗೂ ಕೊಡುತ್ತೇನೆ. ನಿಮಿಷಕ್ಕೆ, ಚದರ ಸೆಂಟಿಮೀಟರಿಗೆ ಒಂದು ಕ್ಯಾಲೊರಿ. ಚದರ ಮೀಟರಿಗೆ ಎಷ್ಟು ವ್ಯಾಟ್? ಕ್ಯಾಲೊರಿಗೆ 4.184 ಜೌಲ್ ಹಿಡಿಯಿರಿ. 697ರ ಆಸುಪಾಸು ಬರಬೇಕು. ಸೊನ್ನೆಗಳ ಸಾಲೇ ಬಂದರೆ ಎಲ್ಲಿ ಗುಣಿಸಿದಿರಿ ಎಂದು ಹಿಂದಿರುಗಿ ನೋಡಿ.