ಮಿತ ವೆಚ್ಚದಲ್ಲಿ ಮೊದಲ ವಿದೇಶ ಪ್ರವಾಸ: ಒಂದು ಕುಟುಂಬದ ಲೆಕ್ಕ

(ಸಂಘದ ತಿಂಗಳ ಉಪನ್ಯಾಸ ಕಾರ್ಯಕ್ರಮದಲ್ಲಿ ಮಾಡಿದ ಭಾಷಣದ ಬರಹರೂಪ)



ಈ ವೇದಿಕೆಯಲ್ಲಿ ಸಾಮಾನ್ಯವಾಗಿ ಸಾಹಿತ್ಯ, ಗಡಿ, ನದಿನೀರು ಮೊದಲಾದ ಗಹನ ವಿಷಯಗಳ ಚರ್ಚೆ ನಡೆಯುತ್ತದೆ. ನನಗೆ ಒಪ್ಪಿಸಿರುವುದು ಮನೆವಾರ್ತೆಯ ವಿಷಯ: ನಮ್ಮಂಥ ಸಂಬಳದಾರರು ಮೊದಲ ವಿದೇಶ ಪ್ರವಾಸವನ್ನು ಸಾಲವಿಲ್ಲದೆ ಹೇಗೆ ಯೋಜಿಸಬಹುದು ಎಂಬುದು. ಕೇಂದ್ರ ಸರ್ಕಾರದ ಕಡತಗಳ ನಡುವೆ ಮೂವತ್ತು ವರ್ಷ ಕಳೆದ ನನಗೆ ಟಿಪ್ಪಣಿ ಬರೆಯುವುದು ಗೊತ್ತೇ ಹೊರತು ಭಾಷಣ ಮಾಡುವುದು ಗೊತ್ತಿಲ್ಲ. ಆದ್ದರಿಂದ ಮೊದಲು ಒಂದು ತಪ್ಪೊಪ್ಪಿಗೆ, ಆಮೇಲೆ ಲೆಕ್ಕ, ಕೊನೆಗೆ ಲೆಕ್ಕಕ್ಕೆ ನಿಲುಕದ ಒಂದೆರಡು ಮಾತು ಹೇಳಿ ಮುಗಿಸುತ್ತೇನೆ.

ತಪ್ಪೊಪ್ಪಿಗೆ ಇದು. 2019ರ ಕೊನೆಯಲ್ಲಿ, ನಮ್ಮ ವಸತಿಗೃಹಗಳ ಸಾಲಿನಲ್ಲಿ ಮೂರು ಮನೆಯವರು ಸಿಂಗಪುರಕ್ಕೆ ಹೋಗಿ ಬಂದರೆಂಬ ಒಂದೇ ಕಾರಣಕ್ಕೆ, ನಾನೂ ಒಂದು ಪ್ರವಾಸ ಸಂಸ್ಥೆಗೆ 50,000 ರೂಪಾಯಿ ಮುಂಗಡ ಕಟ್ಟಿದೆ. ಪ್ರಯಾಣ ಗೊತ್ತಾಗಿದ್ದದ್ದು 2020ರ ಏಪ್ರಿಲ್‌ನಲ್ಲಿ. ಆ ಹೊತ್ತಿಗೆ ದೇಶವೇ ಬಾಗಿಲು ಹಾಕಿಕೊಂಡಿತ್ತು. ಒಂದು ವರ್ಷ ಪತ್ರ ಬರೆದ ಮೇಲೆ 18,000 ಹಿಂದಿರುಗಿತು, 32,000 ಹೋಯಿತು. ಬೇರೆಯವರ ಕರಾರುಪತ್ರಗಳನ್ನು ದಿನವಿಡೀ ಪರಿಶೀಲಿಸುವ ನಾನು, ನನ್ನ ರಸೀದಿಯ ಹಿಂಬದಿಯಲ್ಲಿ ಸಣ್ಣಕ್ಷರದಲ್ಲಿ ಅಚ್ಚಾಗಿದ್ದ ಷರತ್ತುಗಳನ್ನು ಓದಿರಲಿಲ್ಲ. ಆದರೆ ನನ್ನ ಮಡದಿ ಕೇಳಿದ ಪ್ರಶ್ನೆ ಹಣ ಹೋದದ್ದಕ್ಕಿಂತ ಹೆಚ್ಚು ಚುಚ್ಚಿತು: "ಸಿಂಗಪುರದಲ್ಲಿ ನಮಗೆ ಏನು ನೋಡಬೇಕಿತ್ತು?" ನನ್ನಲ್ಲಿ ಉತ್ತರವಿರಲಿಲ್ಲ.

ಯೋಜನೆಯ ಮೊದಲ ಹೆಜ್ಜೆಯೇ ಈ ಪ್ರಶ್ನೆ. ಎಷ್ಟು ಖರ್ಚಾಗುತ್ತದೆ ಎಂದು ಕೇಳುವ ಮೊದಲು, ಯಾರಿಗಾಗಿ, ಏನನ್ನು ನೋಡಲು ಎಂದು ಕೇಳಬೇಕು. ನಮ್ಮ ಮನೆಯಲ್ಲಿ ಇದಕ್ಕೆ ಉತ್ತರ ಬಹಳ ಹಿಂದೆಯೇ ಇತ್ತು. ಸಾಗರ ತಾಲೂಕಿನ ಪ್ರಾಥಮಿಕ ಶಾಲೆಯಲ್ಲಿ ಮಾಸ್ತರರಾಗಿದ್ದ ನನ್ನ ತಂದೆ ಪ್ರತಿ ಶಿವರಾತ್ರಿಯಂದು "ಒಮ್ಮೆ ಪಶುಪತಿನಾಥನನ್ನು ನೋಡಬೇಕು" ಎನ್ನುತ್ತಿದ್ದರು. ನಾನು ದೆಹಲಿಗೆ ವರ್ಗವಾಗಿ ಬಂದಾಗ "ಇನ್ನು ನೇಪಾಳ ಹತ್ತಿರವೇ ಆಯಿತಲ್ಲ" ಎಂದಿದ್ದರು. ರಜೆ ಸಿಕ್ಕಾಗಲೆಲ್ಲ ನಾವು ಊರಿಗೇ ಹೋದೆವು. 2011ರಲ್ಲಿ ಅವರು ತೀರಿಕೊಂಡರು. ಕಾಶಿಯಿಂದಾಚೆಗೆ ಅವರು ಹೋಗಲೇ ಇಲ್ಲ. ತಾಯಿಗೆ ಎಪ್ಪತ್ತೆರಡು ತುಂಬಿದಾಗ, ಎರಡನೆಯ ಸಲ ತಡಮಾಡಬಾರದೆಂದು ನಾವು ನಿಶ್ಚಯಿಸಿದೆವು.

ನೇಪಾಳವೂ ಒಂದು ವಿದೇಶವೇ ಎಂದು ಆಗ ಕೆಲವರು ನಕ್ಕರು. ಇಂದೂ ಈ ಸಭೆಯಲ್ಲಿ ಯಾರಾದರೂ ನಗಬಹುದು. ಸಮುದ್ರ ದಾಟಬೇಕಾಗಿಲ್ಲ, ನಿಜ. ಆದರೆ ಅಲ್ಲಿ ಗಡಿಯಾರ ನಮ್ಮದಕ್ಕಿಂತ 15 ನಿಮಿಷ ಮುಂದೆ ಓಡುತ್ತದೆ, ಗೋಡೆಯ ಮೇಲೆ ವಿಕ್ರಮ ಸಂವತ್ಸರದ ಪಂಚಾಂಗ ತೂಗುತ್ತದೆ, ನಮ್ಮ ನೂರು ರೂಪಾಯಿಗೆ ಅಲ್ಲಿಯ 160 ರೂಪಾಯಿ ಸಿಗುತ್ತದೆ. ಈ ದರ 1993ರಿಂದ ಸ್ಥಿರವಾಗಿದೆ. ಹೀಗಾಗಿ ವಿನಿಮಯದ ಏರಿಳಿತಕ್ಕೆ ಬಜೆಟ್ಟು ಕುಸಿಯುವ ಭಯವಿಲ್ಲ. ಮೊದಲ ಸಲ ಹೊರಡುವವರಿಗೆ ಇದಕ್ಕಿಂತ ಸೌಮ್ಯವಾದ ವಿದೇಶ ಬೇರೆ ಯಾವುದಿದೆ?

ಇನ್ನು ಕಾಗದಪತ್ರಗಳ ವಿಷಯ. ಭಾರತೀಯರಿಗೆ ನೇಪಾಳಕ್ಕೆ ವೀಸಾ ಬೇಕಿಲ್ಲ. 1950ರ ಒಪ್ಪಂದದ ಕಾಲದಿಂದಲೂ ಗಡಿ ತೆರೆದಿದೆ. ವಿಮಾನದಲ್ಲಿ ಹೋಗಿಬರುವವರಿಗೆ ಪಾಸ್‌ಪೋರ್ಟ್ ಅಥವಾ ಚುನಾವಣಾ ಆಯೋಗದ ಗುರುತಿನ ಚೀಟಿ ಅಗತ್ಯ. 65 ದಾಟಿದವರಿಗೆ ಮತ್ತು 15 ತುಂಬದ ಮಕ್ಕಳಿಗೆ ವಯಸ್ಸು, ಗುರುತು ತೋರಿಸುವ ಆಧಾರ್‌ನಂಥ ದಾಖಲೆ ಸಾಕು. ನಡುವಿನ ವಯಸ್ಸಿನವರು ಆಧಾರ್ ಒಂದನ್ನೇ ನಂಬಿ ಹೋದರೆ ವಿಮಾನ ನಿಲ್ದಾಣದಿಂದಲೇ ಹಿಂದಿರುಗಬೇಕಾದೀತು. ಸರ್ಕಾರಿ ನೌಕರರಿಗೆ ಮತ್ತೂ ಎರಡು ಮಾತು: ಖಾಸಗಿ ವಿದೇಶ ಪ್ರವಾಸಕ್ಕೆ ಇಲಾಖೆಯ ಅನುಮತಿಯನ್ನು ಮುಂಚಿತವಾಗಿಯೇ ಪಡೆಯಬೇಕು, ನಮ್ಮ ರಜಾ ಪ್ರಯಾಣ ರಿಯಾಯಿತಿ ದೇಶದ ಗಡಿಯಲ್ಲೇ ನಿಲ್ಲುತ್ತದೆ.

ಹಣ ಕೂಡಿಸಿದ ಬಗೆ ಸರಳ. 2023ರ ಜನವರಿಯಿಂದ ತಿಂಗಳಿಗೆ 5,000 ರೂಪಾಯಿಯನ್ನು ಬೇರೊಂದು ಖಾತೆಗೆ ಹಾಕಿದೆವು. 22 ತಿಂಗಳಿಗೆ 1,10,000 ಆಯಿತು. ಇದೇ ಮಿತಿ, ಇದರೊಳಗೆ ಮೂವರ ಪ್ರವಾಸ ಎಂದು ಬರೆದಿಟ್ಟೆವು. ಕಾಲವನ್ನೂ ಲೆಕ್ಕ ಹಾಕಿಯೇ ಆರಿಸಿದೆವು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಮಳೆ, ರಸ್ತೆಗಳ ಮೇಲೆ ಗುಡ್ಡ ಕುಸಿಯುತ್ತದೆ. ಅದಾದ ಮೇಲೆ ಅವರ ದಶೈಂ, ತಿಹಾರ್ ಹಬ್ಬಗಳು. ನಮ್ಮ ದಸರಾ ದೀಪಾವಳಿಗಳಲ್ಲಿ ಹೇಗೋ ಹಾಗೆ ಆಗ ಊರಿಗೆ ಹೋಗುವವರ ನೂಕುನುಗ್ಗಲು. ಆದ್ದರಿಂದ 2024ರ ನವೆಂಬರ್ ಉತ್ತರಾರ್ಧವನ್ನು ಗೊತ್ತುಮಾಡಿದೆವು. ಆಗ ದೆಹಲಿಯ ಹೊಗೆಯಿಂದ ತಪ್ಪಿಸಿಕೊಂಡದ್ದು ಹೆಚ್ಚಿನ ಲಾಭ.

ಏನನ್ನು ಬಿಡಬೇಕೆಂಬ ತೀರ್ಮಾನವೂ ಅಷ್ಟೇ ಮುಖ್ಯ. ಪೋಖರಾ, ಮುಕ್ತಿನಾಥ ಎರಡನ್ನೂ ಪಟ್ಟಿಯಿಂದ ತೆಗೆದೆವು. ಎಂಟು ದಿನಗಳಲ್ಲಿ ಆರು ಊರು ಓಡಿದರೆ ಹಣವೆಲ್ಲ ವಾಹನಕ್ಕೇ ಹೋಗುತ್ತದೆ, ಮುದುಕರ ಮೊಣಕಾಲು ಸೋಲುತ್ತದೆ. ಲುಂಬಿನಿಯಲ್ಲಿ ಎರಡು ರಾತ್ರಿ, ಭಕ್ತಪುರದಲ್ಲಿ ಐದು ರಾತ್ರಿ, ಅಷ್ಟೇ. ಕಾಠ್ಮಂಡುವಿನ ಪ್ರವಾಸಿ ಬೀದಿಗಳ ಗದ್ದಲವನ್ನು ಬಿಟ್ಟು, ಅಲ್ಲಿಂದ ಹದಿಮೂರು ಕಿಲೋಮೀಟರ್ ಪೂರ್ವಕ್ಕಿರುವ ಭಕ್ತಪುರದಲ್ಲಿ ತಂಗಿದ್ದು ಕಿಸೆಗೂ ಮನಸ್ಸಿಗೂ ಹಿತವಾಯಿತು.

ಲೆಕ್ಕ ಕೇಳಿ. ದೆಹಲಿಯಿಂದ ಗೋರಖಪುರಕ್ಕೆ ರಾತ್ರಿಯ ರೈಲು, ಅಲ್ಲಿಂದ ಸುನೌಲಿ ಗಡಿಯ ಮೂಲಕ ಲುಂಬಿನಿಗೆ ಬಾಡಿಗೆ ವಾಹನ, ಭೈರಹವಾದಿಂದ ಕಾಠ್ಮಂಡುವಿಗೆ ಸಣ್ಣ ವಿಮಾನ, ಕಾಠ್ಮಂಡುವಿನಿಂದ ದೆಹಲಿಗೆ ವಿಮಾನ. ಎಲ್ಲ ಸೇರಿ 48,100. ವಸತಿ ಊಟಕ್ಕೆ 34,000. ಊರೊಳಗಿನ ಓಡಾಟ, ಪ್ರವೇಶ ಶುಲ್ಕ, ಪೂಜೆ, ವಿಮೆಗೆ 15,300. ಒಟ್ಟು 97,400. ಉಳಿದ 12,600ನ್ನು ಆಪತ್ತಿಗೆಂದು ಇಟ್ಟುಕೊಂಡಿದ್ದೆವು, ಮುಟ್ಟಬೇಕಾಗಿ ಬರಲಿಲ್ಲ. ಹೋಗುವಾಗ ರೈಲು, ಬರುವಾಗ ವಿಮಾನ ಎಂಬ ಈ ಏರ್ಪಾಡಿನಿಂದ ಹಣ ಉಳಿಯಿತು, ದಣಿದ ಮೇಲೆ ಬೇಗ ಮನೆ ಸೇರಿದಂತೆಯೂ ಆಯಿತು. ಹಿಂದಿರುಗುವಾಗ ಬಲಬದಿಯ ಕಿಟಕಿಯನ್ನು ಕೇಳಿ ಪಡೆಯಿರಿ. ಆಕಾಶ ತಿಳಿಯಾಗಿದ್ದರೆ ಹಿಮಾಲಯ ದರ್ಶನಕ್ಕೆ ಬೇರೆ ಟಿಕೇಟು ಬೇಕಿಲ್ಲ.

ಮೂರು ಎಚ್ಚರಿಕೆಗಳು. ಒಂದು, ನೋಟು. 2018ರ ಡಿಸೆಂಬರ್‌ನಲ್ಲಿ ನೇಪಾಳ ಸರ್ಕಾರ ನೂರಕ್ಕಿಂತ ದೊಡ್ಡ ಭಾರತೀಯ ನೋಟುಗಳನ್ನು ನಿಷೇಧಿಸಿತ್ತು. ನಾವು ನೂರರ ಕಟ್ಟುಗಳನ್ನೇ ಒಯ್ದೆವು. ಈ ನಿಯಮಗಳು ಬದಲಾಗುತ್ತಿರುತ್ತವೆ, ಹೊರಡುವ ವಾರದಲ್ಲಿ ವಿಚಾರಿಸಿಕೊಳ್ಳಿ. 2024ರ ಮಾರ್ಚ್‌ನಿಂದ ನಮ್ಮ ಯುಪಿಐ ಕೂಡ ಅಲ್ಲಿಯ ಅನೇಕ ಅಂಗಡಿಗಳಲ್ಲಿ ನಡೆಯುತ್ತದೆ. ಎರಡು, ವಿಮೆ. ನಮ್ಮ ಆರೋಗ್ಯ ವಿಮೆಗಳು ಸಾಮಾನ್ಯವಾಗಿ ಗಡಿಯಾಚೆ ನಡೆಯುವುದಿಲ್ಲ. ಹಿರಿಯರಿದ್ದರೆ ಪ್ರವಾಸ ವಿಮೆಯಲ್ಲಿ ಜಿಪುಣತನ ಬೇಡ. ಮೂರು, ರದ್ದತಿಯ ಷರತ್ತು. 2025ರ ಸೆಪ್ಟೆಂಬರ್‌ನಲ್ಲಿ ಅಲ್ಲಿ ಯುವಜನರ ಪ್ರತಿಭಟನೆ ಭುಗಿಲೆದ್ದು ಸರ್ಕಾರವೇ ಉರುಳಿದಾಗ ವಿಮಾನ ನಿಲ್ದಾಣವೂ ಮುಚ್ಚಿತ್ತು. ಕೋಣೆಯಾಗಲಿ ಟಿಕೇಟಾಗಲಿ, ರದ್ದಾದರೆ ಎಷ್ಟು ಮರಳುತ್ತದೆ ಎಂದು ಓದಿಕೊಂಡೇ ಹಣ ಕೊಡಿ. ಇದನ್ನು ನಾನು 32,000 ಕೊಟ್ಟು ಕಲಿತಿದ್ದೇನೆ.

ಇನ್ನು ಲೆಕ್ಕಕ್ಕೆ ನಿಲುಕದ ಮಾತು. ಸುನೌಲಿಯಲ್ಲಿ ಕಮಾನಿನ ಕೆಳಗೆ ನಡೆದುಕೊಂಡೇ ಗಡಿ ದಾಟಿದೆವು. ತಾಯಿ ಹಿಂದಿರುಗಿ ನೋಡಿ, "ಇಷ್ಟೇಯೇನೋ ವಿದೇಶ ಅಂದ್ರೆ? ಇದಕ್ಕೆ ನಿನ್ನ ಅಪ್ಪ ಅಷ್ಟು ವರ್ಷ ಕಾದ್ರಾ?" ಎಂದರು. ನಾನು ಮಾತನಾಡಲಿಲ್ಲ.

ಲುಂಬಿನಿಯಲ್ಲಿ ಅಶೋಕನ ಕಂಬವಿದೆ. ಭಗವಾನ್ ಬುದ್ಧ ಇಲ್ಲಿ ಹುಟ್ಟಿದನೆಂದು ಈ ಗ್ರಾಮದ ತೆರಿಗೆಯನ್ನು ತಗ್ಗಿಸಿದ್ದೇನೆ ಎಂಬುದು ಶಾಸನದ ಸಾರಾಂಶ. ನಮ್ಮ ಮಸ್ಕಿ, ಬ್ರಹ್ಮಗಿರಿಗಳ ಬಂಡೆಗಳಲ್ಲಿ ಕಂಡ ಅದೇ ಬ್ರಾಹ್ಮೀ ಲಿಪಿ. ಅಷ್ಟು ದೂರದಲ್ಲಿ ಪರಿಚಿತರೊಬ್ಬರ ಕೈಬರಹ ಕಂಡಂತಾಯಿತು.

ಪಶುಪತಿಯಲ್ಲಿ ಬೆಳಗಿನ ಸರತಿ ಸಾಲು ಉದ್ದವಾಗಿತ್ತು. ಅಲ್ಲಿ ಚತುರ್ಮುಖ ಲಿಂಗವನ್ನು ಮುಟ್ಟಿ ಪೂಜಿಸುವ ಅಧಿಕಾರ ದಕ್ಷಿಣದಿಂದ, ಬಹುಮಟ್ಟಿಗೆ ನಮ್ಮ ಕರ್ನಾಟಕದಿಂದ ಬಂದ ಭಟ್ಟರಿಗೆ ಮಾತ್ರ. 2009ರ ಆರಂಭದಲ್ಲಿ, ಹೊರಗಿನವರೇಕೆ, ಸ್ಥಳೀಯರೇ ಅರ್ಚಕರಾಗಲಿ ಎಂಬ ದೊಡ್ಡ ವಿವಾದವೆದ್ದು, ನೇಮಕಗಳಾಗಿ, ಜನರೂ ನ್ಯಾಯಾಲಯವೂ ಪ್ರವೇಶಿಸಿದ ಮೇಲೆ ಸರ್ಕಾರ ಹಿಂದೆ ಸರಿಯಿತು. "ಹೊರಗಿನವರು" ಎಂಬ ಆ ಮಾತು ನಮಗಾರಿಗೂ ಹೊಸದಲ್ಲ. ಅರ್ಚಕರನ್ನು ಮಾತನಾಡಿಸುವ ಅವಕಾಶ ನಮಗೆ ಸಿಗಲಿಲ್ಲ. ಹೊರಗೆ ಬಂದು ಬಾಗ್ಮತಿಯ ಮೆಟ್ಟಿಲಿನ ಮೇಲೆ ಕುಳಿತ ತಾಯಿ, "ನೀನು ದಿಲ್ಲಿಗೆ ಹೋದದ್ದೇ ದೂರ ಅಂತ ನಾನು ಅಳ್ತಿದ್ದೆ. ನಮ್ಮ ಕಡೆಯೋರು ಇಲ್ಲಿಗೂ ಬಂದಿದ್ದಾರಲ್ಲ" ಎಂದರು. ಮೂವತ್ತು ವರ್ಷಗಳಲ್ಲಿ ನನ್ನ ವಲಸೆಯನ್ನು ಅವರು ಕ್ಷಮಿಸಿದ್ದು ಅಂದೇ ಎಂದು ನನ್ನ ಭಾವನೆ.

ಭಕ್ತಪುರದಲ್ಲಿ ಇನ್ನೊಂದು ಎಳೆ ಸಿಕ್ಕಿತು. 1097ರಲ್ಲಿ ಈಗಿನ ನೇಪಾಳದ ಸಿಮ್ರೌನ್‌ಗಢದಲ್ಲಿ ರಾಜ್ಯ ಕಟ್ಟಿದ ನಾನ್ಯದೇವ ತನ್ನನ್ನು ಕರ್ನಾಟ ಕುಲಭೂಷಣನೆಂದು ಕರೆದುಕೊಂಡವನು. ಚಾಲುಕ್ಯ ದಂಡಯಾತ್ರೆಗಳೊಂದಿಗೆ ಉತ್ತರಕ್ಕೆ ಬಂದ ಕುಲವಿರಬೇಕೆಂದು ಹಲವು ವಿದ್ವಾಂಸರ ಅಭಿಪ್ರಾಯ. ಆ ವಂಶದ ಹರಿಸಿಂಹದೇವ ಹದಿನಾಲ್ಕನೆಯ ಶತಮಾನದಲ್ಲಿ ತುಘಲಕ್ ಸೈನ್ಯಕ್ಕೆ ಸೋತು ಬೆಟ್ಟದ ಕಡೆಗೆ ಓಡಿದನು. ಕಣಿವೆಯ ಮಲ್ಲ ಅರಸರ ಕುಲದೇವತೆ ತಲೇಜು ಅವನ ಮನೆತನದೊಂದಿಗೆ ಬಂದವಳೆಂದು ಅಲ್ಲಿಯ ಐತಿಹ್ಯ ಹೇಳುತ್ತದೆ. ಒಂಬೈನೂರು ವರ್ಷಗಳ ಹಿಂದಿನ ಆ ಹೊರನಾಡಿಗರು ಹೆಸರನ್ನು ಉಳಿಸಿಕೊಂಡರು, ನುಡಿ ಉಳಿಯಲಿಲ್ಲ. ಪ್ರತಿ ಭಾನುವಾರ ಇಲ್ಲಿ ಹತ್ತು ಮಕ್ಕಳನ್ನು ಕೂರಿಸಿ ಕನ್ನಡ ವರ್ಣಮಾಲೆ ತಿದ್ದಿಸುವ ನಮ್ಮ ಸಂಘದ ಕೆಲಸ ಎಷ್ಟು ದೊಡ್ಡದೆಂಬುದು ನನಗೆ ಹೊಳೆದದ್ದು ಆ ಅರಮನೆಯ ಅಂಗಳದಲ್ಲಿ.

ಬಂಧುಗಳೇ, ನಿಮ್ಮ ಮನೆಯ ಉತ್ತರ ನೇಪಾಳವೇ ಆಗಬೇಕಿಲ್ಲ. ಶ್ರೀಲಂಕೆಯಾಗಬಹುದು, ವಿಯೆಟ್ನಾಂ ಆಗಬಹುದು. ಊರು ಬದಲಾದರೂ ಕ್ರಮ ಬದಲಾಗದು. ಮೊದಲು ಆಸೆ ಯಾರದೆಂದು ತಿಳಿಯಿರಿ, ಆಮೇಲೆ ಮಿತಿಯನ್ನು ಬರೆಯಿರಿ, ಅದಕ್ಕೆ ಮೀರಿದ್ದನ್ನು ನಿರ್ದಾಕ್ಷಿಣ್ಯವಾಗಿ ಬಿಡಿ, ಷರತ್ತುಗಳನ್ನು ಓದಿ. ಲೆಕ್ಕ ಹಾಕುವುದು ಜಿಪುಣತನವಲ್ಲ. ಲೆಕ್ಕ ಹಾಕದವರು ಮುಂದೂಡುತ್ತಲೇ ಇರುತ್ತಾರೆ, ನಾನು ನನ್ನ ತಂದೆಯ ಯಾತ್ರೆಯನ್ನು ಮುಂದೂಡಿದ ಹಾಗೆ.

ಉಳಿದ 12,600 ಅದೇ ಖಾತೆಯಲ್ಲಿದೆ. ತಿಂಗಳ ಕಂತು ಮತ್ತೆ ಆರಂಭವಾಗಿದೆ. ಈ ಸಲ ಸಿಮ್ರೌನ್‌ಗಢಕ್ಕೆ ಹೋಗಬೇಕೆಂದು ನಾನು, ಮುಕ್ತಿನಾಥಕ್ಕೆಂದು ತಾಯಿ. ತೀರ್ಮಾನ ಯಾರದಾಗುತ್ತದೆಂಬುದು ನಿಮಗೆ ತಿಳಿದೇ ಇದೆ.