ಪದವಿಯನ್ನು ಇಳಿಸಿಡುವ ಧೈರ್ಯ



ವಿಜಯಪುರ ನಗರದ ಈ ಸಭೆಗೆ ತಿಕೋಟಾ, ಬಬಲೇಶ್ವರಗಳಿಂದಲೂ ತಾವು ಬಂದಿದ್ದೀರಿ. ಕುರ್ಚಿಗಾಗಿ ಊರೂರಲ್ಲಿ ಮನಸ್ಸುಗಳು ಒಡೆಯುತ್ತಿರುವಾಗ, ನಮ್ಮದೇ ಅವಿಭಜಿತ ಜಿಲ್ಲೆಯ ಬಿ.ಡಿ. ಜತ್ತಿಯವರನ್ನು ನಾವು ನೆನೆಯಬೇಕಾಗಿದೆ.

1940ರಲ್ಲಿ ಜಮಖಂಡಿ ಪುರಸಭೆಯ ಸದಸ್ಯರಾದ ಅವರು ಮುಂದೆ ಆ ಪುಟ್ಟ ಸಂಸ್ಥಾನದ ದಿವಾನರಾದರು. 1948ರ ಮಾರ್ಚ್ 8ರಂದು ಸಂಸ್ಥಾನವು ಭಾರತದಲ್ಲಿ ವಿಲೀನಗೊಂಡಿತು. ವಿಲೀನಪತ್ರಕ್ಕೆ ರಾಜರೊಂದಿಗೆ ಸಹಿ ಹಾಕಿದವರು ಅವರೇ. ದಿವಾನಗಿರಿ ಹೋಯಿತು, ಅವರು ವಕೀಲಿ ವೃತ್ತಿಗೆ ಮರಳಿದರು. ಆದರೆ ಜನರ ವಿಶ್ವಾಸ ಹೋಗಲಿಲ್ಲ. 1958ರಲ್ಲಿ ಮೈಸೂರು ರಾಜ್ಯದ ಮುಖ್ಯಮಂತ್ರಿಯಾದರು, 1974ರಲ್ಲಿ ಉಪರಾಷ್ಟ್ರಪತಿಯಾದರು.

1977ರ ಫೆಬ್ರವರಿ 11ರಂದು ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹ್ಮದ್‌ರು ನಿಧನರಾದಾಗ ಜತ್ತಿಯವರು ಹಂಗಾಮಿ ರಾಷ್ಟ್ರಪತಿಯಾದರು. ಒಂಬತ್ತು ವಿಧಾನಸಭೆಗಳ ವಿಸರ್ಜನೆಗೆ ಸಹಿ ಹಾಕಲು ತಡಮಾಡಿ ಟೀಕೆಗೂ ಗುರಿಯಾದರು. ಕೊನೆಗೆ ಸಚಿವ ಸಂಪುಟದ ಸಲಹೆಗೆ ತಲೆಬಾಗಿದರು. ಜುಲೈ 25ರಂದು ಸಂಜೀವ ರೆಡ್ಡಿಯವರು ಅಧಿಕಾರ ಸ್ವೀಕರಿಸಿದಾಗ, ಹಿಂದಿನ ಸ್ಥಾನಕ್ಕೇ ಮರಳಿ ಅವಧಿ ಪೂರೈಸಿದರು.

ಬಂಧುಗಳೇ, ಪದವಿಯು ಜನರ ಅಮಾನತ್ತು. ಪುರಸಭೆಯಿರಲಿ, ಜಮಾಅತ್ ಸಮಿತಿಯಿರಲಿ, ಅವಧಿ ಮುಗಿದಾಗ ಲೆಕ್ಕ ಒಪ್ಪಿಸಿ ಎದ್ದು ನಿಲ್ಲುವವನನ್ನೇ ನಾವು ಆರಿಸೋಣ.