ಬಾಡಿಗೆ ಬಾಕಿ ಮತ್ತು ಜಪ್ತಿಯ ಹಕ್ಕು



ಮನೆಯ ಬಾಡಿಗೆ ಮೂರು ತಿಂಗಳು ಬಾಕಿ ಬಿದ್ದಿದೆ. ಯಜಮಾನರು ಬಾಗಿಲಿಗೆ ಬೀಗ ಜಡಿದು, 'ಹಣ ಕೊಟ್ಟು ಸಾಮಾನು ಒಯ್ಯಿರಿ' ಎನ್ನುತ್ತಾರೆ. ಇದು ಅವರ ಹಕ್ಕೇ? ಹೌದೆಂದು ನಂಬಿದವರು ಬಹಳ. ಈ ನಂಬಿಕೆಗೆ ಒಂದು ಇತಿಹಾಸವಿದೆ.

ಇಂಗ್ಲೆಂಡಿನಲ್ಲಿ ಶತಮಾನಗಳ ಕಾಲ ಮಾಲೀಕನು ಕೋರ್ಟಿನ ಮೆಟ್ಟಿಲು ಹತ್ತದೆಯೇ ಬಾಕಿದಾರನ ಸೊತ್ತು ಹಿಡಿಯಬಹುದಿತ್ತು. ಅದಕ್ಕೆ 'ಡಿಸ್ಟ್ರೆಸ್' ಎಂದು ಹೆಸರು. ಅದರ ನೆರಳು ಇಲ್ಲಿಗೂ ಬಂತು. ಮದರಾಸು ಪ್ರಾಂತ್ಯದ 1865ರ ಗೇಣಿ ವಸೂಲಿ ಕಾಯಿದೆಯು ಒಕ್ಕಲಿನ ಬೆಳೆ ಹಾಗೂ ಚರಸೊತ್ತನ್ನು ಜಪ್ತಿ ಮಾಡುವ ಅಧಿಕಾರವನ್ನು ಜಮೀನುದಾರರಿಗೆ ಕೊಟ್ಟಿತ್ತು.

ಮಲಪ್ರಭೆಯ ದಂಡೆಯ ಹೊಳೆಮಣ್ಣೂರ ಇರುವ ರೋಣ ತಾಲೂಕು ಆಗ ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆಗೆ ಸೇರಿತ್ತು. ಇಲ್ಲಿಯ ದಾರಿ ಬೇರೆ. 1879ರ ಮುಂಬಯಿ ಭೂಕಂದಾಯ ಸಂಹಿತೆಯ 86ನೆಯ ಕಲಮಿನಂತೆ, ಲಾವಣಿ ಬಾಕಿಯಾದರೆ ಹೊಲದ ಮಾಲೀಕನು ಕಂದಾಯ ಅಧಿಕಾರಿಗಳ ನೆರವು ಕೇಳಬೇಕಿತ್ತು. ಸಾಮಾನ್ಯವಾಗಿ ಜಪ್ತಿಗೆ ಬರುವವನು ಸರಕಾರದ ನೌಕರನೇ ಹೊರತು ಮಾಲೀಕನ ಆಳಲ್ಲ.

ಆ ಜಪ್ತಿಗೂ ಗೆರೆಯುಂಟು. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೆಯ ಕಲಮು ಇಂದಿಗೂ ಜಾರಿಯಲ್ಲಿದೆ. ಉಡುವ ಬಟ್ಟೆ, ಅಡಿಗೆಯ ಪಾತ್ರೆ, ಹಾಸಿಗೆ, ಕುಶಲಕರ್ಮಿಯ ಉಪಕರಣ, ರೈತನ ಬದುಕಿಗೆ ಬೇಕಾದ ಎತ್ತು, ನೇಗಿಲು, ಬೀಜದ ಕಾಳು ಇವನ್ನು ಕೋರ್ಟು ಕೂಡ ಜಪ್ತಿ ಮಾಡುವಂತಿಲ್ಲ. ಎತ್ತು ಒಯ್ದರೆ ಬರುವ ವರ್ಷದ ಬೆಳೆಯೂ ಹೋಯಿತು. ಬೆಳೆ ಹೋದರೆ ಬಾಕಿ ತೀರುವುದೆಲ್ಲಿಂದ? ನಿಯಮದ ಹಿಂದೆ ದಯೆಯಷ್ಟೇ ಅಲ್ಲ, ಲೆಕ್ಕವೂ ಇದೆ.

1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯು ಗೇಣಿಯ ಜಮೀನನ್ನು ಸರಕಾರಕ್ಕೆ ವಹಿಸಿ, ಒಕ್ಕಲಿಗೆ ಒಡೆತನದ ದಾರಿ ತೆರೆಯಿತು. ಹೊಲದ ಜಗಳ ಬಹುಮಟ್ಟಿಗೆ ಮುಗಿಯಿತು. ಮನೆ-ಮಳಿಗೆಗಳ ಜಗಳ ಉಳಿಯಿತು.

ಅಲ್ಲಿಯೂ ಮಾಲೀಕನಿಗೆ ದಾರಿಯಿಲ್ಲವೆಂದಲ್ಲ. ಬಾಕಿಗೆ ದಾವೆ ಹೂಡಬಹುದು, ಮನೆ ಬಿಡಿಸಲು ಕೋರ್ಟಿಗೆ ಹೋಗಬಹುದು. ತಾನೇ ಕೈಹಾಕಿದರೆ ಅಪಾಯ. ಸಾಲ ವಸೂಲಿಗೆಂದೇ ಆದರೂ ಒಪ್ಪಿಗೆಯಿಲ್ಲದೆ ಸಾಲಗಾರನ ಸೊತ್ತು ಒಯ್ಯುವುದು ಕಳವೆನಿಸಬಹುದೆಂದು ಕಲ್ಕತ್ತಾ ಹೈಕೋರ್ಟಿನ ಪೂರ್ಣಪೀಠ 1895ರಲ್ಲೇ ತೀರ್ಪಿತ್ತಿದೆ. ಬಲವಂತವಾಗಿ ಹೊರಹಾಕಿಸಿಕೊಂಡ ಬಾಡಿಗೆದಾರನು 1963ರ ನಿರ್ದಿಷ್ಟ ಪರಿಹಾರ ಕಾಯಿದೆಯಂತೆ ಆರು ತಿಂಗಳೊಳಗೆ ದಾವೆ ಹೂಡಿ ಸ್ವಾಧೀನ ಮರಳಿ ಕೇಳಬಹುದು.

'ಡಿಸ್ಟ್ರೆಸ್' ಹುಟ್ಟಿದ ಇಂಗ್ಲೆಂಡೇ 2014ರ ಏಪ್ರಿಲ್‌ನಲ್ಲಿ ಅದನ್ನು ಕೈಬಿಟ್ಟು, ವ್ಯಾಪಾರದ ಕಟ್ಟಡಗಳಿಗಷ್ಟೇ ಕಟ್ಟುನಿಟ್ಟಿನ ಹೊಸ ಕ್ರಮ ತಂದಿದೆ. ಬಾಕಿ ಬಾಕಿಯೇ, ತೀರಿಸಲೇಬೇಕು. ಆದರೆ ಬಾಕಿ ಎಷ್ಟೆಂದು ಹೇಳುವವನೂ ಅದಕ್ಕಾಗಿ ಸೊತ್ತು ಹಿಡಿಯುವವನೂ ಒಬ್ಬನೇ ಆಗಬಾರದು.